ಎಂಟು ಕೂಡದು

ನಮ್ಮ ಡಿಸೈನ್ ರೂಮಿನಲ್ಲಿ ನಾಲ್ಕು ಕುರ್ಚಿಗಳಿದ್ದವು, ಮೂರು ಕಂಪ್ಯೂಟರುಗಳಿದ್ದವು. ಕಂಪ್ಯೂಟರ್ ಇಲ್ಲದ ಕುರ್ಚಿ ಅವರದು. ಅವರೇ ಡಿಸೈನ್ ವಿಭಾಗದ ಮುಖ್ಯಸ್ಥರು. ಕೆಲಸಕ್ಕೆ ಸೇರಿದ ದಿನ ನಾನು ಇದನ್ನು ನೋಡಿ, ಪಾಪ, ಇವರ ಕಂಪ್ಯೂಟರ್ ರಿಪೇರಿಗೆ ಹೋಗಿರಬೇಕು ಎಂದುಕೊಂಡೆ. ವಾರ ಕಳೆದರೂ ಬರದಿದ್ದಾಗ ಪಕ್ಕದ ಸೀಟಿನವನನ್ನು ಕೇಳಿದೆ. ರಿಪೇರಿಗೆ ಹೋಗಿ ಒಂಬತ್ತು ವರ್ಷವಾಯಿತು ಎಂದು ಅವನು ನಕ್ಕ.

ಕಳೆದ ತಿಂಗಳು ಅವರು ನಿವೃತ್ತರಾದರು. ಹೊಗಳುವವರೆಲ್ಲ ಹೊಗಳಿ ಮುಗಿಸಿದ್ದಾರೆ, ಹಾರದ ಹೂ ಬಾಡಿಯೂ ಆಗಿದೆ. ಮಿಕ್ಕದ್ದನ್ನು ನಾನು ಬರೆಯುತ್ತಿದ್ದೇನೆ. ಹೆಸರು ಬೇಡ. ಆಫೀಸಿನಲ್ಲಿಯೂ ಅವರ ಹೆಸರು ಹಿಡಿದು ಯಾರೂ ಮಾತಾಡುತ್ತಿರಲಿಲ್ಲ. ‘ಸಾರ್’ ಎಂದರೆ ಅವರೊಬ್ಬರೇ.

ನಮ್ಮದು ಅಂಬತ್ತೂರಿನ ಇಂಡಸ್ಟ್ರಿಯಲ್ ಎಸ್ಟೇಟಿನೊಳಗೆ ಹೋಟೆಲುಗಳಿಗೆ ಅಡುಗೆಮನೆ ಸಾಮಾನು ಮಾಡಿಕೊಡುವ ಕಾರ್ಖಾನೆ. ಇಡ್ಲಿ ಬೇಯಿಸುವ ಸ್ಟೀಮರ್, ದೋಸೆ ಒಲೆ, ಪಾತ್ರೆ ತೊಳೆಯುವ ತೊಟ್ಟಿ, ಹೊಗೆ ಹೀರುವ ಚಿಮಣಿ, ಎಲ್ಲವೂ ಸ್ಟೀಲಿನದು. ಕೆಳಗೆ ಶೆಡ್ಡಿನಲ್ಲಿ ತಗಡು ಕತ್ತರಿಸುವ, ಬಗ್ಗಿಸುವ, ಬೆಸುಗೆ ಹಾಕುವ ಸದ್ದು. ಮೇಲೆ ಗಾಜಿನ ಗೂಡೊಂದರಲ್ಲಿ ಎಸಿ ಹಾಕಿಕೊಂಡು ನಾವು. ಪ್ರತಿ ಸಾಮಾನನ್ನೂ ಮೊದಲು ಕಂಪ್ಯೂಟರಿನಲ್ಲಿ ಕಟ್ಟಿ, ತಿರುಗಿಸಿ ನೋಡಿ, ಅಳತೆ ಹಾಕಿ, ಡ್ರಾಯಿಂಗ್ ಪ್ರಿಂಟ್ ತೆಗೆದು ಕೆಳಗೆ ಕಳಿಸುವುದು ನಮ್ಮ ಕೆಲಸ. ನನ್ನ ಅಪ್ಪ ಕುಂದಾಪುರದ ಕಡೆಯಿಂದ ಬಂದು ಕೋಯಂಬೇಡಿನ ಹತ್ತಿರದ ಹೋಟೆಲೊಂದರಲ್ಲಿ ಸಪ್ಲೈಯರ್ ಆಗಿ ಸೇರಿ ಮ್ಯಾನೇಜರ್ ಆದವರು. ಹೋಟೆಲಿನವರ ಮಗಳು, ಮೆಕ್ಯಾನಿಕಲ್ ಡಿಪ್ಲೊಮಾ ಓದಿದ್ದಾಳೆ ಎಂದು ಸಾರ್ ನನ್ನನ್ನು ಒಂದೇ ಮಾತಿಗೆ ತೆಗೆದುಕೊಂಡರು.

‘ನಮ್ಮ ಕನ್ನಡ ಹುಡುಗಿ, ವೇರೆ ಏನಮ್ಮಾ ಬೇಕು?’ ಎಂದರು.

ಅವರು ಮೂರು ತಲೆಮಾರಿನಿಂದ ಟ್ರಿಪ್ಲಿಕೇನಿನವರು. ಮನೆಮಾತು ಕನ್ನಡವೇ, ಆದರೆ ಅದರಲ್ಲಿ ಕನ್ನಡ ಎಲ್ಲಿ ಮುಗಿದು ತಮಿಳು ಎಲ್ಲಿ ಶುರುವಾಗುತ್ತದೆಂದು ಅವರಿಗೂ ಗೊತ್ತಿರಲಿಲ್ಲ. ಹಣೆಯ ಮೇಲೆ ಅಂಗಾರ ಅಕ್ಷತೆ, ಇಸ್ತ್ರಿ ಹಾಕಿದ ಅರ್ಧ ತೋಳಿನ ಶರ್ಟು, ಜೇಬಿನಲ್ಲಿ ಕೆಂಪು ಪೆನ್ನು. ಅವರು ಕೆಲಸ ಮಾಡುತ್ತಿದ್ದುದು ನಮ್ಮ ಬೆನ್ನ ಹಿಂದೆ ನಿಂತು.

‘ಝೂಮ್ ಪಣ್ಣುಮ್ಮಾ. ಇನ್ನೂ ಪಣ್ಣು. ಆಂ, ಪೋದುಂ, ಸಾಕು. ಈಗ ಸ್ವಲ್ಪ ತಿರುಗಿಸು ನೋಡೋಣ. ಆಹಾ, ಎಷ್ಟು ಚೆನ್ನಾಗಿ ತಿರುಗುತ್ತೆ!’

ಪರದೆಯ ಮೇಲೆ ಸಾಮಾನು ತಿರುಗುವುದನ್ನು ನೋಡುವುದೆಂದರೆ ಅವರಿಗೆ ದೇವರ ಉತ್ಸವ ನೋಡಿದಷ್ಟು ಸಂತೋಷ. ಗಿರಾಕಿಗಳು ಬಂದಾಗಲೂ ಅಷ್ಟೇ, ಸ್ಟೀಮರನ್ನು ಗರಗರ ತಿರುಗಿಸಿ ತೋರಿಸಬೇಕು. ತೋರಿಸುವಾಗ ಗಾಜಿಗೆ ಬೆರಳು ಒತ್ತಿಯೇ ತೋರಿಸುವರು. ಸಂಜೆಯ ಹೊತ್ತಿಗೆ ನನ್ನ ಮಾನಿಟರಿನ ತುಂಬ ಅವರ ಬೆರಳಚ್ಚು. ಪೊಲೀಸರು ಬಂದಿದ್ದರೆ ಆ ಡ್ರಾಯಿಂಗುಗಳನ್ನೆಲ್ಲ ಮಾಡಿದವರು ಅವರೇ ಎಂದು ಸುಲಭವಾಗಿ ಸಾಬೀತಾಗುತ್ತಿತ್ತು.

ಒಂದು ಮಧ್ಯಾಹ್ನ ಊಟದ ಡಬ್ಬಿ ಮರೆತು ವಾಪಸು ಬಂದಾಗ ಅವರು ನನ್ನ ಸೀಟಿನಲ್ಲಿ ಕೂತಿದ್ದರು. ಮೌಸನ್ನು ಎರಡು ಕೈಯಲ್ಲಿ, ಹಕ್ಕಿ ಮರಿ ಹಿಡಿದ ಹಾಗೆ ಹಿಡಿದಿದ್ದರು. ಒಂದು ಗೆರೆ ಎಳೆಯಲು ನೋಡುತ್ತಿದ್ದರು. ಗೆರೆ ಪರದೆಯ ಆಚೆಗೆ ಎಲ್ಲಿಗೋ ಹೋಯಿತು. ಹಿಂದೆ ಕರೆಯಲು ಏನೋ ಒತ್ತಿದರು, ಇಡೀ ಫೈಲು ಮುಚ್ಚಿಕೊಂಡಿತು. ಅವರು ಎದ್ದು ಕಳ್ಳನಂತೆ ಅತ್ತಿತ್ತ ನೋಡಿ, ನನ್ನನ್ನು ಕಂಡು, ‘ನಿನ್ನ ಕಂಪ್ಯೂಟರ್‌ಗೆ ವೈರಸ್ ಬಂದ ಹಾಗಿದೆಯಮ್ಮಾ, ನೋಡು’ ಎಂದರು. ಒಂದು ಕ್ಷಣ ನನಗೆ ಕನಿಕರವಾಯಿತು. ಅವರು ಅಷ್ಟಕ್ಕೇ ನಿಲ್ಲಿಸಿದ್ದರೆ ಉಳಿಯುತ್ತಿತ್ತೇನೋ. ಸಂಜೆ ಯಜಮಾನರಿಗೆ, ‘ಹೊಸ ಹುಡುಗಿ ಕಂಪ್ಯೂಟರ್ ಸರಿಯಾಗಿ ನೋಡಿಕೊಳ್ಳುವುದಿಲ್ಲ’ ಎಂದು ದೂರು ಹೋಗಿತ್ತು.

ಅವರಿಗೆ ಏನೂ ಬರುತ್ತಿರಲಿಲ್ಲ ಎಂದರೆ ಸುಳ್ಳಾಗುತ್ತದೆ. ಗಿರಾಕಿಯ ಅಡುಗೆಮನೆಗೆ ಹೋದಾಗ ಮೇಜಿನ ಈಚೆ ಕೂತು, ಆಚೆ ಕೂತವನಿಗೆ ನೇರವಾಗಿ ಕಾಣುವಂತೆ, ಇಡೀ ಅಡುಗೆಮನೆಯ ಚಿತ್ರವನ್ನು ಪೆನ್ಸಿಲಿನಲ್ಲಿ ತಲೆಕೆಳಗಾಗಿ ಬರೆಯುತ್ತಿದ್ದರು. ಸ್ಕೇಲಿಲ್ಲ, ರಬ್ಬರಿಲ್ಲ. ಒಲೆಯ ಮೂರು ಬದಿ, ಚಿಮಣಿಯ ಇಳಿಜಾರು, ನೀರಿನ ನಲ್ಲಿ ಎಲ್ಲ ಜಾಗಕ್ಕೆ ಜಾಗ. ಹಳೆಯ ಡ್ರಾಯಿಂಗ್ ಬೋರ್ಡಿನ ಕಾಲದ ಕೈ ಅದು. ಆ ಕೈಯನ್ನು ನೋಡಿ ನಾನು ಬಾಯಿ ಬಿಟ್ಟಿದ್ದೇನೆ. ಆ ಕೈ ಇದ್ದವರಿಗೆ ಮೌಸ್ ಕಲಿಯಲು ನಾಚಿಕೆ ಯಾಕೋ. ಕಲಿಯದ್ದನ್ನು ಮುಚ್ಚಿಕೊಳ್ಳಲು ಅವರು ಪಟ್ಟ ಕಷ್ಟದಲ್ಲಿ ಕಾಲು ಭಾಗ ಕಲಿಯಲು ಪಟ್ಟಿದ್ದರೆ ನಮಗೆಲ್ಲ ಪಾಠ ಹೇಳಬಹುದಿತ್ತು.

ಪ್ರತಿ ಡ್ರಾಯಿಂಗಿನ ಬಲಗಡೆ ಕೆಳಮೂಲೆಯಲ್ಲಿ ಒಂದು ಪಟ್ಟಿ ಇರುತ್ತದೆ. ಬರೆದವರು ಯಾರು, ಪರಿಶೀಲಿಸಿದವರು ಯಾರು ಎಂದು ಎರಡು ಮನೆ. ಬರೆದವರ ಮನೆಯಲ್ಲಿ ನನ್ನ ಹೆಸರು ತಾನಾಗಿ ಬಂದು ಕೂರುತ್ತಿತ್ತು. ಪರಿಶೀಲಿಸಿದವರ ಮನೆಯಲ್ಲಿ ಸಾರ್ ಕೆಂಪು ಪೆನ್ನಿನಲ್ಲಿ ಜಿಲೇಬಿಯಂಥ ಒಂದು ಸಹಿ ಹಾಕುವರು. ಅದಕ್ಕೆ ಮುಂಚೆ ಪರಿಶೀಲನೆ. ಗಿರಾಕಿಯ ಹೆಸರಿನ ಸ್ಪೆಲಿಂಗ್ ನೋಡುವರು. ಅಕ್ಷರದ ಗಾತ್ರ ನೋಡುವರು. ಆಮೇಲೆ ಅಸಲು ಕೆಲಸ: ಒಂದೊಂದು ಅಳತೆಯ ಅಂಕಿಗಳನ್ನೂ ಬೆರಳಲ್ಲಿ ಕೂಡುವರು.

ಎಂಟು ಬರಕೂಡದು. ಎಂಟು ಶನಿಯ ಸಂಖ್ಯೆ. ಎಂಟುನೂರು ಮಿಲಿಮೀಟರ್ ಎಂದು ಹಾಕಿದರೆ ಅದು ಎಂಟುನೂರ ಒಂದಾಗಬೇಕು. ನಾಲ್ಕು ರಾಹುವಿನದು, ಅದೂ ಬೇಡ. ಕೆಲಸ ಮಾಡುವ ಮೇಜಿನ ಎತ್ತರ ಎಂಟುನೂರ ಐವತ್ತು. ಎಂಟು, ಐದು ಕೂಡಿದರೆ ಹದಿಮೂರು, ಒಂದು ಮೂರು ನಾಲ್ಕು. ಅಯ್ಯೋ! ಒಂದು ಮಿಲಿಮೀಟರ್ ಏರಿಸಿದರೆ ಐದು, ಬುಧ, ವ್ಯಾಪಾರಕ್ಕೆ ಒಳ್ಳೆಯದು. ಹೀಗಾಗಿ ಈ ಊರಿನ ಎಷ್ಟೋ ಅಡುಗೆಮನೆಗಳಲ್ಲಿ ನಮ್ಮ ಮೇಜು ಪಕ್ಕದ ಕಂಪನಿಯ ಮೇಜಿಗಿಂತ ಒಂದು ಮಿಲಿಮೀಟರ್ ಎತ್ತರವಾಗಿ, ನವಗ್ರಹಗಳ ಅನುಗ್ರಹದಿಂದ ನಿಂತಿದೆ. ಕೆಳಗಿನ ಫಿಟ್ಟರುಗಳು ಇದನ್ನೆಲ್ಲ ಗಮನಿಸುತ್ತಿರಲಿಲ್ಲ. ಮೇಜಿಗೆ ಒಂದು ಮಿಲಿಮೀಟರ್ ಹೆಚ್ಚು ಕಡಿಮೆಯಾದರೆ ಯಾರಿಗೂ ತೊಂದರೆಯಿಲ್ಲ. ನಾವೂ ನಕ್ಕು ಅವರು ಹೇಳಿದ ಅಂಕಿ ಒತ್ತುತ್ತಿದ್ದೆವು. ಆ ನಗುವಿನಲ್ಲೇ ನಮಗೆ ಅಭ್ಯಾಸವಾಯಿತು.

ಎರಡು ವರ್ಷದ ಹಿಂದೆ ಒಂದು ದೊಡ್ಡ ಹೋಟೆಲಿಗೆ ಹೊಸ ಇಡ್ಲಿ ಸ್ಟೀಮರ್ ಮಾಡಬೇಕಾಯಿತು. ನಿಲುವಾದ ಪೆಟ್ಟಿಗೆ, ತಳದಲ್ಲಿ ಕುದಿಯುವ ನೀರು, ಒಳಗೆ ಎರಡು ಪಕ್ಕದ ಹಳಿಗಳ ಮೇಲೆ ಒಂದರ ಮೇಲೊಂದು ಇಡ್ಲಿ ತಟ್ಟೆಗಳು ಡ್ರಾಯರಿನಂತೆ ಜಾರಬೇಕು. ತಟ್ಟೆಯ ಅಗಲ ನಾನೂರ ಮೂವತ್ತಾರು ಮಿಲಿಮೀಟರ್. ಒಳಗಿನ ಜಾಗ ನಾನೂರ ನಲವತ್ತು ಎಂದು ನಾನು ಇಟ್ಟೆ. ನಾಲ್ಕು ಮಿಲಿಮೀಟರ್ ಸಡಿಲ. ಬೆಸುಗೆ ಹಾಕಿದಾಗ ತಗಡು ಸ್ವಲ್ಪ ಎಳೆಯುತ್ತದೆ, ಬಿಸಿಯಾದಾಗ ಸ್ವಲ್ಪ ಸೊಟ್ಟಾಗುತ್ತದೆ, ಅಷ್ಟಾದರೂ ಬೇಕು.

ಅವತ್ತು ಶುಕ್ರವಾರ. ಹತ್ತೂವರೆಗೆ ರಾಹುಕಾಲ ಶುರು. ಅದಕ್ಕೆ ಮೊದಲು ಡ್ರಾಯಿಂಗ್ ಕೆಳಗಿಳಿಯಬೇಕು ಎಂದು ಸಾರ್ ಬೆಳಗಿನಿಂದ ಗಡಿಯಾರ ನೋಡುತ್ತಿದ್ದರು. ಹತ್ತೂ ಇಪ್ಪತ್ತಕ್ಕೆ ಬೆರಳು ಮಡಚಿ ಎಣಿಸಿ, ಹೌಹಾರಿದರು.

‘ನಾಲ್ಕು ನಾಲ್ಕು ಸೊನ್ನೆ. ಎಂಟಾಯ್ತಲ್ಲಮ್ಮಾ! ಬೆಂಕಿ ಹತ್ತಿರ ಇರೋ ಮೆಷಿನ್‌ಗೆ ಶನೀನ ಕೂರಿಸ್ತೀಯಾ?’

‘ಸಾರ್, ಅಲ್ಲಿ ಸಡಿಲ ಬೇಕು ಸಾರ್. ಬಿಸಿಯಾದರೆ ತಟ್ಟೆ ಹಿಡಿದುಕೊಳ್ಳುತ್ತೆ.’

‘ನಾಲ್ಕು ಮೂರು ಏಳು ಹಾಕು. ಹದಿನಾಲ್ಕು, ಐದು, ಬುಧ. ತಟ್ಟೆ ಮುವ್ವತ್ತಾರು ತಾನೆ? ಒಳಗೆ ಹೋಗುತ್ತಲ್ಲ?’

‘ಒಂದೇ ಮಿಲಿಮೀಟರ್ ಉಳಿಯೋದು ಸಾರ್.’

‘ಒಂದು ಇದೆ ಅಲ್ಲವಾ? ಅಪ್ಪುರಂ, ಮತ್ತೇನು? ಸೀಕ್ರಂ ಹಾಕಮ್ಮಾ, ಟೈಮ್ ಆಯ್ತು.’

ನಾನು ಹಾಕಿದೆ. ನಾಲ್ಕು, ಮೂರು, ಏಳು, ಎಂಟರ್. ಪರದೆಯ ಮೇಲೆ ಸ್ಟೀಮರ್ ಒಂದಿಷ್ಟೂ ಬೇಸರಿಸದೆ ಸಣ್ಣದಾಯಿತು. ಸಾರ್ ಜಿಲೇಬಿ ಸುತ್ತಿದರು. ಹತ್ತೂ ಇಪ್ಪತ್ತೆಂಟಕ್ಕೆ ಡ್ರಾಯಿಂಗ್ ಕೆಳಗಿತ್ತು.

ಸ್ಟೀಮರ್ ತಯಾರಾದ ಮೇಲೆ ಹಿರಿಯ ಫಿಟ್ಟರ್, ನೀರು ಕಾಯಿಸಿ ಒಮ್ಮೆ ತಟ್ಟೆ ಎಳೆದು ನೋಡೋಣ ಎಂದರು. ಸಾರ್ ತಣ್ಣಗಿದ್ದ ಪೆಟ್ಟಿಗೆಯೊಳಗೆ ಒಂದು ತಟ್ಟೆ ತಳ್ಳಿ, ಎಳೆದು, ‘ಬೆಣ್ಣೆ ಥರ ಹೋಗುತ್ತೆ’ ಎಂದು ಅದರ ಪಕ್ಕ ನಿಂತು ಫೋಟೋ ತೆಗೆಸಿಕೊಂಡರು. ನೀರು ಹೋಟೆಲಿನಲ್ಲೇ ಕಾಯಲಿ ಎಂದರು.

ಹೋಟೆಲಿನಲ್ಲಿ ಕಾಯಿತು. ನಾಲ್ಕನೆಯ ದಿನ ಬೆಳಗ್ಗೆ, ಜನ ತುಂಬಿದ ಹೊತ್ತಿನಲ್ಲಿ, ಮೂರನೆಯ ತಟ್ಟೆ ಹಳಿಯಲ್ಲಿ ಸಿಕ್ಕಿಕೊಂಡಿತು. ಇಡ್ಲಿ ವಿಭಾಗದ ಅಡುಗೆಯವರು ಎಳೆದರು. ಬರಲಿಲ್ಲ. ಬಲಗೈಗೆ ಬಟ್ಟೆ ಸುತ್ತಿಕೊಂಡು ಜಗ್ಗಿದರು. ತಟ್ಟೆ ಒಮ್ಮೆಲೇ ಕಿತ್ತು ಬಂದು, ಅದರ ಮೇಲೆ ನಿಂತಿದ್ದ ಕುದಿನೀರೂ ಒಳಗಿನ ಹಬೆಯೂ ಅವರ ಬೆರಳಿನಿಂದ ಮೊಣಕೈವರೆಗೆ ಹರಿಯಿತು. ಅವರು ನಮ್ಮ ಕುಂದಾಪುರದ ಕಡೆಯವರು. ಇಪ್ಪತ್ತಾರು ವರ್ಷ ಇಡ್ಲಿ ಬೇಯಿಸಿದವರಿಗೆ ಅಲ್ಲಿಯವರೆಗೆ ಒಂದು ಗುಳ್ಳೆಯೂ ಎದ್ದಿರಲಿಲ್ಲವಂತೆ.

ಮಾರನೆಯ ದಿನ ಯಜಮಾನರ ಕೋಣೆಯಲ್ಲಿ ಮೀಟಿಂಗ್. ಯಜಮಾನರು ತಮಿಳರು, ಕಡಿಮೆ ಮಾತಿನವರು. ಡ್ರಾಯಿಂಗನ್ನು ಮೇಜಿನ ಮೇಲೆ ಹಾಸಿ, ಒಳಗಿನ ಜಾಗ ಇಷ್ಟು ಕಡಿಮೆ ಹೇಗಾಯಿತು ಎಂದು ಕೇಳಿದರು. ನಾನು ಸಾರ್ ಮುಖ ನೋಡಿದೆ. ಸಾರ್ ಡ್ರಾಯಿಂಗನ್ನು, ಜೀವನದಲ್ಲಿ ಮೊದಲ ಸಲ ಕಂಡವರಂತೆ, ಬಗ್ಗಿ ನೋಡುತ್ತಿದ್ದರು.

‘ಕಂಪ್ಯೂಟರಿನಲ್ಲಿ ಯಾರು ಬದಲಾಯಿಸಿದ್ದು ಎಂದು ರೆಕಾರ್ಡ್ ಇರುತ್ತದಲ್ಲ, ಅದನ್ನೇ ನೋಡಿಬಿಡಿ’ ಎಂದರು ಸಾರ್.

ರೆಕಾರ್ಡ್ ತೆಗೆಸಿದರು. ಶುಕ್ರವಾರ ಹತ್ತೂ ಇಪ್ಪತ್ತಮೂರಕ್ಕೆ ನಾನೂರ ನಲವತ್ತು ನಾನೂರ ಮೂವತ್ತೇಳಾಗಿತ್ತು. ಮಾಡಿದವರು: ನಾನು. ಸಾರ್‌ಗೆ ಲಾಗಿನ್ನೇ ಇರಲಿಲ್ಲ. ಕಂಪನಿಯ ಯಾವ ಫೈಲಿನಲ್ಲೂ ಅವರು ಒಂದೇ ಒಂದು ಅಂಕಿ ಬದಲಾಯಿಸಿದ ಗುರುತು ಇರಲಿಲ್ಲ. ಗಂಗಾಜಲದಷ್ಟು ಶುದ್ಧ.

‘ಸಾರ್ ಹೇಳಿದರು’ ಎಂದೆ.

‘ಹೇಳಿದರೆ ಹಾಕುವುದಾ?’ ಎಂದು ಸಾರ್ ನನ್ನನ್ನು ಮರುಕದಿಂದ ನೋಡಿದರು. ‘ನೀನು ಓದಿದವಳು ತಾನೇಮ್ಮಾ? ತಪ್ಪು ಅಂತ ತಿಳಿದರೆ ತಪ್ಪು ಅಂತ ಹೇಳಬೇಕು. ನಾನು ಸಹಿ ಹಾಕಿದ್ದು ನಿನ್ನ ಮೇಲಿನ ನಂಬಿಕೆಯಿಂದ.’

ಆ ಮಾತಿನಲ್ಲಿ ಅರ್ಧ ನಿಜವಿತ್ತು.

ನಾನು ಕ್ಷಮಾಪಣೆ ಪತ್ರ ಬರೆದುಕೊಡಬೇಕೆಂದು ತೀರ್ಮಾನವಾಯಿತು. ಅದನ್ನೂ ಸಾರ್ ನನ್ನ ಬೆನ್ನ ಹಿಂದೆ ನಿಂತು ಹೇಳಿದರು, ನಾನು ಟೈಪ್ ಮಾಡಿದೆ. ಪ್ರಿಂಟ್ ತೆಗೆದ ಮೇಲೆ ಎರಡು ಕಡೆ ಸ್ಪೆಲಿಂಗ್ ತಪ್ಪನ್ನು ಕೆಂಪು ಪೆನ್ನಿನಲ್ಲಿ ತಿದ್ದಿದರು. ‘ಇಂಗ್ಲಿಷ್ ಇಂಪ್ರೂವ್ ಮಾಡ್ಕೋಮ್ಮಾ’ ಎಂದರು. ಸೋಮವಾರದಿಂದ ನನ್ನನ್ನು ಕೆಳಗೆ ಶೆಡ್ಡಿಗೆ ಹಾಕಿದರು.

ಶೆಡ್ಡಿನಲ್ಲಿ ಆ ಹಿರಿಯ ಫಿಟ್ಟರ್ ನನಗೆ ತಗಡು ಮುಟ್ಟಿ ನೋಡುವುದನ್ನು ಕಲಿಸಿದರು. ಪರದೆಯ ಮೇಲೆ ಮೂಲೆ ಎಂದರೆ ಮೂಲೆ; ಇಲ್ಲಿ ಬಗ್ಗಿಸಿದ ಮೂಲೆಗೆ ಒಂದು ಹೊಟ್ಟೆ ಇರುತ್ತದೆ, ಬೆಸುಗೆಗೆ ಒಂದು ಎಳೆತ ಇರುತ್ತದೆ. ಒಂದು ದಿನ ಟೀ ಕುಡಿಯುತ್ತ ನಾನು ಶುಕ್ರವಾರದ ಕಥೆಯೆಲ್ಲ ಹೇಳಿಕೊಂಡೆ. ಅವರು ಲೋಟ ಕೆಳಗಿಟ್ಟು ತಮಿಳಿನಲ್ಲಿ ಕೇಳಿದರು.

‘ಅವರಿಗೆ ಎಂಟು ಬೇಡ, ಅಷ್ಟೇ ತಾನೇ? ನಾನೂರ ನಲವತ್ತೆರಡು ಅನ್ನಬೇಕಿತ್ತು. ಕೂಡಿದರೆ ಹತ್ತು. ಒಂದು, ಸೂರ್ಯ. ಕುಣಿದಾಡಿ ಸಹಿ ಹಾಕುತ್ತಿದ್ದರು.’

ನಾನು ಟೀ ಕುಡಿಯುವುದನ್ನು ಮರೆತೆ. ಎರಡು ಮಿಲಿಮೀಟರ್ ಮೇಲಕ್ಕೆ ಹೋಗಿದ್ದರೆ ಸಾಕಿತ್ತು. ಅವರ ಹುಚ್ಚು ನನಗೆ ಬಾಯಿಪಾಠವಾಗಿತ್ತು, ನಗಲು ಅದನ್ನು ಬಳಸಿಕೊಂಡಿದ್ದೆ, ಬೇಕಾದ ದಿನ ಬಳಸಲಿಲ್ಲ.

ಅದಾದ ಮೇಲೆ ಅಡುಗೆಯವರನ್ನು ನೋಡಲು ಹೋದೆ. ಅಲ್ಲಿಯವರೆಗೆ ಹೋಗುವ ಧೈರ್ಯ ಬಂದಿರಲಿಲ್ಲ. ಹೋಟೆಲಿನ ಹಿಂದಿನ ರೂಮಿನಲ್ಲಿ ಚಾಪೆಯ ಮೇಲೆ ಕೂತಿದ್ದರು. ಬಲಗೈಗೆ ಹೊಸ ಚರ್ಮ ಮೂಡಿತ್ತು, ಮೂರು ಬೆರಳು ಮಡಚುತ್ತಿರಲಿಲ್ಲ. ನಾನು ತಂದ ಮೂಸಂಬಿಯನ್ನು ಎಡಗೈಯಲ್ಲಿ ತೆಗೆದುಕೊಂಡರು.

‘ಹೆಣೆ, ನಿಮ್ ಕಂಪ್ಯೂಟರಿಗೆ ಇಡ್ಲಿ ಬೇಯ್ಸೂಕೆ ಗೊತ್ತಿತ್ತಾ?’ ಎಂದು, ಊರಿನ ಕಡೆ ಹುಡುಗಿಯರನ್ನು ಕರೆಯುವ ಹಾಗೆ ಕರೆದು ಕೇಳಿದರು. ಸಿಟ್ಟಿರಲಿಲ್ಲ.

ನಾನು ಎಲ್ಲ ಹೇಳಿದೆ. ಶನಿ, ಬುಧ, ರಾಹುಕಾಲ. ಸಾರ್ ಹೇಳಿದರು, ಹಾಗಾಗಿ ಒತ್ತಿದೆ ಎಂದು ನಾಲ್ಕು ಸಲ ಹೇಳಿದೆನೇನೋ. ಅವರು ಮೂಸಂಬಿಯನ್ನು ಚಾಪೆಯ ಮೇಲಿಟ್ಟು ಹೇಳಿದರು.

‘ಹೇಳಿದ್ದ್ ಅವ್ರ್ ಬಾಯಿ, ಸರಿ. ಒತ್ತಿದ್ದ್ ನಿಮ್ ಕೈ. ಸುಟ್ಟದ್ದ್ ನನ್ ಕೈ. ಬಾಯಿಗ್ ಎಂತ ಆಯ್ತ್?’

ಬಾಯಿಗೆ ಏನೂ ಆಗಿರಲಿಲ್ಲ. ಬಾಯಿ ಅಂಬತ್ತೂರಿನ ಗಾಜಿನ ಗೂಡಿನಲ್ಲಿ ಕುಳಿತು ಫಿಲ್ಟರ್ ಕಾಫಿ ಕುಡಿಯುತ್ತಿತ್ತು. ಸ್ಟೀಮರಿನ ದೋಷ ಪರಿಹಾರಕ್ಕೆಂದು ಆಫೀಸಿನಲ್ಲಿ ಒಂದು ಶಾಂತಿಹೋಮವನ್ನೂ ಮಾಡಿಸಿತ್ತು. ಹೊಗೆಗೆ ಎಸಿ ಕೆಟ್ಟಿತು.

ಆರು ತಿಂಗಳಿಗೆ ಸಾರ್ ನನ್ನನ್ನು ಮತ್ತೆ ಮೇಲಕ್ಕೆ ಕರೆಸಿಕೊಂಡರು. ಪ್ರೀತಿಯಿಂದಲ್ಲ; ಉಳಿದ ಇಬ್ಬರಿಗೆ ಅವರ ಕನ್ನಡ ಬೆರೆತ ತಮಿಳು ಅರ್ಥವಾಗುತ್ತಿರಲಿಲ್ಲವಂತೆ. ನಾನು ಹೋದೆ. ಆದರೆ ಒಂದು ನಿಯಮ ಮಾಡಿಕೊಂಡೆ. ಅವರು ಹೇಳಿದ ಪ್ರತಿ ಬದಲಾವಣೆಯನ್ನೂ ಹಾಳೆಯ ಮೇಲೆ ಅವರ ಕೆಂಪು ಪೆನ್ನಿನಲ್ಲೇ ಬರೆಸಿಕೊಂಡ ಮೇಲೆ ಒತ್ತುವುದು.

‘ಏನಮ್ಮಾ, ನಂಬಿಕೆ ಇಲ್ಲವಾ?’ ಎಂದು ಮೊದಲ ದಿನ ಕೇಳಿದರು.

‘ಇದೆ ಸಾರ್. ಮರೆತುಹೋಗುತ್ತೆ.’

ಬರೆಯಬೇಕು ಎಂದ ಮೇಲೆ ಅವರ ಬದಲಾವಣೆಗಳು ಅರ್ಧಕ್ಕರ್ಧ ಇಳಿದವು. ಗ್ರಹಗಳೂ ಸ್ವಲ್ಪ ಸಡಿಲವಾದವು. ಸ್ಟೀಮರಿನ ಹೊಸ ಮಾದರಿಗೆ ನಾನೂರ ನಲವತ್ತೆರಡು ಎಂದು ನಾನೇ ಹೇಳಿದಾಗ, ಬೆರಳು ಮಡಚಿ ಎಣಿಸಿ, ‘ಸೂರ್ಯ! ಪಳಗಿಬಿಟ್ಟೆಯಮ್ಮಾ!’ ಎಂದು ಬೆನ್ನು ತಟ್ಟಿದರು. ಅವರ ಮನಸ್ಸಿನಲ್ಲಿ ಹಳೆಯದರ ಸುಳಿವೇ ಇರಲಿಲ್ಲ. ಅಥವಾ ಇದ್ದಿದ್ದರೆ ಅದನ್ನು ಆ ಮಧ್ಯಾಹ್ನದ ಗೆರೆಯ ಹಾಗೆ ಪರದೆಯ ಆಚೆಗೆಲ್ಲೋ ಕಳಿಸಿದ್ದರು.

ಬೀಳ್ಕೊಡುಗೆ ಶೆಡ್ಡಿನಲ್ಲೇ ನಡೆಯಿತು. ಯಂತ್ರಗಳನ್ನು ನಿಲ್ಲಿಸಿ ಪ್ಲಾಸ್ಟಿಕ್ ಕುರ್ಚಿ ಹಾಕಿದ್ದರು. ಸಾರ್‌ಗೆ ರೋಜಾ ಹಾರ, ಜರಿ ಶಾಲು, ಹಣ್ಣಿನ ಬುಟ್ಟಿ. ಅವರ ಹೆಂಡತಿ, ಪಟ್ಟೆಸೀರೆ ಉಟ್ಟ ಮೆದು ಮುಖದ ಹೆಂಗಸು, ಮೊದಲ ಸಾಲಿನಲ್ಲಿದ್ದರು. ಯಜಮಾನರು ನಾಲ್ಕು ವಾಕ್ಯ ಮಾತಾಡಿದರು. ಮಾರಾಟ ವಿಭಾಗದವರು ಸಾರ್ ಇಲ್ಲದಿದ್ದರೆ ಕಂಪನಿಯೇ ಇಲ್ಲ ಎಂದರು. ಆಮೇಲೆ ಸಾರ್ ಅವರ ಶಿಷ್ಯೆ ಎಂದು ನನ್ನನ್ನು ಮೈಕಿಗೆ ಕರೆದರು.

ಎರಡು ಒಳ್ಳೆಯ ಮಾತಾಡಿ ಇಳಿಯಬೇಕೆಂದೇ ಮೈಕು ಹಿಡಿದೆ. ತಲೆಕೆಳಗಾಗಿ ಚಿತ್ರ ಬರೆಯುವ ಅವರ ಕೈಯ ವಿಷಯ ಹೇಳಿದೆ, ಎಲ್ಲರೂ ತಲೆದೂಗಿದರು. ಕೈ ಎಂದ ಕೂಡಲೇ ಇನ್ನೊಂದು ಕೈ ನೆನಪಾಯಿತು. ಬಾಯಿ ತಾನಾಗಿ ಮುಂದೆ ಹೋಯಿತು. ನಾನೂರ ಮೂವತ್ತೇಳು ಎಂದು ಸಾರ್ ಹೇಳಿದರು, ತಪ್ಪೆಂದು ಗೊತ್ತಿದ್ದೂ ನಾನು ಒತ್ತಿದೆ, ಅವರು ಸಹಿ ಹಾಕಿದರು, ಒಬ್ಬ ಅಡುಗೆಯವರ ಕೈ ಹೋದದ್ದು ನಮ್ಮಿಬ್ಬರಿಂದ, ಪತ್ರ ಬರೆದುಕೊಟ್ಟವಳು ಮಾತ್ರ ನಾನೊಬ್ಬಳು ಎಂದು ತಮಿಳಿನಲ್ಲಿ, ಎಲ್ಲರಿಗೂ ಅರ್ಥವಾಗುವ ಹಾಗೆ ಹೇಳಿದೆ. ಹಿರಿಯ ಫಿಟ್ಟರ್ ನೆಲ ನೋಡುತ್ತಿದ್ದರು.

ಸಾರ್ ಎದ್ದು ಬಂದರು. ಕಣ್ಣು ಒದ್ದೆಯಾಗಿತ್ತು. ಮೈಕನ್ನು ನನ್ನ ಕೈಯಿಂದ ಮೆಲ್ಲಗೆ ತೆಗೆದುಕೊಂಡರು. ಈಗ ಒಪ್ಪಿಕೊಳ್ಳುತ್ತಾರೆ ಎಂದುಕೊಂಡೆ. ಆ ಗಳಿಗೆಯಲ್ಲಿ ಅವರನ್ನು ಕ್ಷಮಿಸಲು ನಾನು ತಯಾರಾಗಿದ್ದೆ ಕೂಡ.

‘ಈ ಹುಡುಗಿ ಎರಡು ವರ್ಷ ಮನಸ್ಸಿನಲ್ಲಿ ಎಷ್ಟು ನೋವು ಇಟ್ಟುಕೊಂಡಿದ್ದಾಳೆ ನೋಡಿ’ ಎಂದು ತಮಿಳಿನಲ್ಲಿ ಶುರುಮಾಡಿದರು. ‘ತಪ್ಪು ಯಾರು ಮಾಡುವುದಿಲ್ಲ? ಎಲ್ಲರೆದುರು ಒಪ್ಪಿಕೊಳ್ಳುವವರು ಎಷ್ಟು ಜನ? ನಾನು ಇವಳನ್ನು ಅವತ್ತೇ ಕ್ಷಮಿಸಿದ್ದೆ. ಇವತ್ತು ಎಲ್ಲರ ಮುಂದೆ ಇನ್ನೊಂದು ಸಲ ಕ್ಷಮಿಸುತ್ತಿದ್ದೇನೆ.’

ತಮ್ಮ ಮೈಮೇಲಿದ್ದ ಜರಿ ಶಾಲನ್ನು ತೆಗೆದು ನನಗೆ ಹೊದಿಸಿದರು. ಚಪ್ಪಾಳೆ ಬಿತ್ತು. ಅವರ ಹೆಂಡತಿ ಕಣ್ಣೊರೆಸಿಕೊಂಡರು. ನಾನು ಬಾಯಿ ತೆರೆಯುವಷ್ಟರಲ್ಲಿ ಫೋಟೋ ತೆಗೆಯುವವನು ನಗಿ ನಗಿ ಎಂದ. ನಕ್ಕೆ.

ಅಲ್ಲಿಂದ ನೇರ ಬಸ್ಸು ಹಿಡಿದು ಆ ಹೋಟೆಲಿಗೆ ಹೋದೆ. ಅಡುಗೆಯವರಿಗೆ ಈಗ ಅಡುಗೆಮನೆಯಿಲ್ಲ. ಬಾಗಿಲಲ್ಲಿ ನಿಂತು ಬಂದವರಿಗೆ ಖಾಲಿ ಮೇಜು ತೋರಿಸುವ ಕೆಲಸ ಕೊಟ್ಟಿದ್ದಾರೆ. ನನ್ನ ಕೈಯಲ್ಲಿ ಮಡಚಿಟ್ಟ ಶಾಲನ್ನು ಕಂಡರು.

‘ಇದೆಂತ ಶಾಲ್?’

‘ಸಾರ್ ಹೊದ್ಸಿದ್ರ್. ಇವತ್ ಎಲ್ಲರ್ ಎದ್ರ್ ಹೇಳ್ದೆ. ಹೇಳಿದ್ದ್ ಅವ್ರ್, ಒತ್ತಿದ್ದ್ ನಾನ್ ಅಂದೆ.’

‘ಹೌದಾ! ಅದ್ಕೆ ಅವ್ರ್ ಎಂತ ಹೇಳ್ರ್?’

‘ಕ್ಷಮ್ಸಿದ್ರ್.’

‘ಯಾರನ್ನ?’

‘ನನ್ನನ್ನ.’

ಅವರು ನಗಲು ಶುರುಮಾಡಿದರು. ಬಾಗಿಲ ಚೌಕಟ್ಟು ಹಿಡಿದುಕೊಂಡು, ಬಗ್ಗಿ, ಕೆಮ್ಮಿ ನಕ್ಕರು. ಒಳಗೆ ಬರಬೇಕಾದವರು ಹಿಂದೆ ಸಾಲುಗಟ್ಟಿದರು. ಏನಾಯಿತು ಎಂದು ಯಾರೋ ತಮಿಳಿನಲ್ಲಿ ಕೇಳಿದರು. ಮಡಚದ ಬೆರಳುಗಳ ಹಿಂಬದಿಯಿಂದ ಕಣ್ಣೊರೆಸಿಕೊಂಡು, ಎಡಗೈಯಲ್ಲಿ ನನಗೊಂದು ಮೇಜು ತೋರಿಸುತ್ತ ಹೇಳಿದರು.

‘ಹೆಣೆ, ಇನ್ನೊಂದ್ ಸಲ ಅವ್ರ್ ಸಿಕ್ಕಿರೆ, ನನ್ನನ್ನೂ ಕ್ಷಮ್ಸೂಕೆ ಹೇಳಿ. ಅವ್ರ್ ಶನಿ ಬುಧನ್ ಲೆಕ್ಕದ್ ಮಧ್ಯ ಕೈ ಹಾಕ್ದವ ನಾನೇ ಅಲ್ದಾ?’